ಕೈಬಿಟ್ಟ ಪಾಠ

ತಿಪ್ಪೆಯ ಪಕ್ಕದ ಕೋಳಿಶಾಲೆಯಲ್ಲಿ ಮುದಿ ಹೇಂಟೆಯೊಂದು ಮರಿಗಳಿಗೆ ಮೊಟ್ಟಮೊದಲು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: ನೆಲದ ಮೇಲೆ ಹದ್ದಿನ ನೆರಳು ಕಂಡರೆ ಸೌದೆ ರಾಶಿಯ ಸಂದಿಗೆ ಓಡಿ.

ಆ ವರ್ಷ ಶಾಲಾ ಮಂಡಳಿಯ ಚುನಾವಣೆಯಲ್ಲಿ ಎರಡು ಹುಂಜಗಳು ಗೆದ್ದು ಬಂದವು.

"ಓಡುವ ಪಾಠ ನಮ್ಮ ಕುಲಕ್ಕೇ ಅವಮಾನ. ನಮ್ಮ ಹಿರಿಯರು ಹದ್ದನ್ನು ಕುಕ್ಕಿ ಓಡಿಸಿದವರು, ಅದನ್ನು ಕಲಿಸಿ," ಎಂದಿತು ಕೆಂಪು ಹುಂಜ.

"ಹದ್ದೂ ಒಂದು ಹಕ್ಕಿಯೇ. ಎಳೆಯ ಮನಸ್ಸಿನಲ್ಲಿ ದ್ವೇಷ ಬಿತ್ತಬೇಡಿ," ಎಂದಿತು ಕರಿ ಹುಂಜ.

ಮೂರು ದಿನ ಎರಡೂ ಗರಿ ಕಿತ್ತುಹೋಗುವಂತೆ ಕಚ್ಚಾಡಿದವು. ಹೊಸ ಪಾಠ ಯಾವುದೆಂದು ತೀರ್ಮಾನವಾಗಲಿಲ್ಲ. ಹಳೆಯದನ್ನು ಕೈಬಿಡುವುದಕ್ಕೆ ಮಾತ್ರ ಒಟ್ಟಿಗೆ ರೆಕ್ಕೆ ಎತ್ತಿದವು.

"ಸ್ವಾಮಿ, ನಿಮ್ಮ ತೀರ್ಮಾನ ಆಗುವವರೆಗೆ ಹದ್ದು ಉಪವಾಸ ಇರುತ್ತದೆಯೇ?" ಎಂದಿತು ಹೇಂಟೆ.

"ಗೆದ್ದು ಬಂದವರು ನಾವು. ನೀವು ಬಾಯಿ ಮುಚ್ಚಿಕೊಂಡಿರಿ," ಎಂದವು ಹುಂಜಗಳು.

ವಾರ ಕಳೆಯುವುದರೊಳಗೆ, ಹೊಸದಾಗಿ ಶಾಲೆಗೆ ಸೇರಿದ ಮರಿಗಳ ಮೇಲೆ ನೆರಳು ಬಿತ್ತು. "ಓಡಿ!" ಎಂದು ಹೇಂಟೆ ಕಿರುಚಿತು. "ಎಲ್ಲಿಗೆ?" ಎಂದು ಮರಿಗಳು ನಿಂತಲ್ಲೇ ಕೇಳಿದವು. ಒಂದು ಮರಿಯ ಪ್ರಶ್ನೆ ಆಕಾಶದಲ್ಲಿ ಮುಗಿಯಿತು.

ಉಳಿದವನ್ನು ರೆಕ್ಕೆಯಲ್ಲಿ ದಬ್ಬಿಕೊಂಡು ಹೇಂಟೆ ಸೌದೆ ರಾಶಿಗೆ ಬಂದರೆ ಸಂದಿಯಲ್ಲಿ ಜಾಗವಿರಲಿಲ್ಲ. ಕೆಂಪು ಹುಂಜವೂ ಕರಿ ಹುಂಜವೂ ಮೈಗೆ ಮೈ ಒತ್ತಿ ಕೂತಿದ್ದವು. ಅವು ಮರಿಗಳಾಗಿದ್ದಾಗ ಈ ಹೇಂಟೆಯೇ ಹೇಳಿಕೊಟ್ಟ ಪಾಠ, ಒಂದಕ್ಷರವೂ ಮರೆತಿರಲಿಲ್ಲ.