ಕೆಂಪಾದ ಅರಿಸಿನದ ಬಟ್ಟೆ

ಶಿಷ್ಯನೊಬ್ಬ ಕೈಕಟ್ಟಿ ನಿಂತು ಕೇಳಿದ: "ಗುರುಗಳೇ, ನಿಜ ಹೇಳಿದರೆ ಅನ್ನಕ್ಕೇ ಸಂಚಕಾರ ಬರುತ್ತದೆ ಎನ್ನುವಾಗ ಸುಮ್ಮನಿರುವುದು ತಪ್ಪೇ?"

ಗುರು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಕುಳಿತುಕೋ ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಹೆಂಗಸೊಬ್ಬಳಿದ್ದಳು. ಮದುವೆಯ ಅರಿಸಿನದ ಸೀರೆಗಳನ್ನು ಊರಿಗೆಲ್ಲ ಅವಳೇ ಅದ್ದಿಕೊಡುತ್ತಿದ್ದಳು. ಅದ್ದಿದ ಸೀರೆಯನ್ನು ಊರ ಬಾವಿಯ ನೀರಿನಲ್ಲಿ ಜಾಲಿಸುವುದು ವಾಡಿಕೆ. ಒಂದು ವರ್ಷ ಹಾಗೆ ಜಾಲಿಸಿದ ಸೀರೆ ಹಳದಿಯಾಗಿ ಉಳಿಯಲಿಲ್ಲ. ಇಟ್ಟಿಗೆಯಂತೆ ಕೆಂಪಾಯಿತು. ಇವಳು ಕಲಬೆರಕೆ ಅರಿಸಿನ ಹಾಕಿದ್ದಾಳೆ ಎಂದು ಮದುವೆ ಮನೆಯವರು ಕೂಗಾಡಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರಿಗೆ ಹುಳಿಯ ಗುಣವೂ ಬರಬಹುದು, ಕ್ಷಾರದ ಗುಣವೂ ಬರಬಹುದು. ಹುಳಿ ಎಂದರೆ ಹುಣಸೆಹಣ್ಣಿನದು. ಕ್ಷಾರ ಎಂದರೆ ಸುಣ್ಣದ್ದು, ಬೂದಿಯದು. ಎರಡು ಬಗೆಯ ನೀರೂ ನೋಡುವುದಕ್ಕೆ ಒಂದೇ. ಆದರೆ ನಮ್ಮ ಕಣ್ಣಿಗೆ ಕಾಣದ್ದು ಅರಿಸಿನಕ್ಕೆ ಕಾಣುತ್ತದೆ. ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ. ಹುಳಿ ತಗುಲಿದರೆ ಹಳದಿಯಾಗಿಯೇ ಇರುತ್ತದೆ. ಆ ಬಾವಿಯ ಮಗ್ಗುಲಲ್ಲಿ ವರ್ತಕನೊಬ್ಬ ಸುಣ್ಣ ಅರಳಿಸುವ ಗುಂಡಿ ತೋಡಿಸಿದ್ದ. ಗುಂಡಿಯ ನೀರು ಮಣ್ಣಿನೊಳಗಿಂದ ಬಾವಿಗೆ ಇಳಿಯುತ್ತಿತ್ತು. ಊರು ಅದನ್ನೇ ಕುಡಿಯುತ್ತಿತ್ತು. ಮಕ್ಕಳ ಬಾಯಲ್ಲಿ ಹುಣ್ಣು ಎದ್ದಿತ್ತು. ಕಾರಣ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಿರಲಿಲ್ಲ.

ಸೀರೆಯ ಜಗಳ ಬಗೆಹರಿಸಲು ಊರಿನವರು ಬಾವಿಯ ಬಳಿ ಸೇರಿದರು. ವರ್ತಕ ನಯವಾಗಿಯೇ ಹೇಳಿದ: "ನೋಡಮ್ಮ, ಅರಿಸಿನ ಕೆಟ್ಟಿತ್ತು ಅಂತ ಒಪ್ಪಿಕೊಂಡುಬಿಡು. ನಾಳೆಯಿಂದ ಎಂದಿನಂತೆ ನಿನ್ನ ಕೆಲಸ ಮಾಡಿಕೊಂಡಿರು."

"ಅರಿಸಿನ ಕೆಟ್ಟಿಲ್ಲ ಸಾಹುಕಾರರೇ. ನಿಮ್ಮ ಗುಂಡಿಯಿಂದ ನೀರು ಕೆಟ್ಟಿದೆ."

ವರ್ತಕ ತನ್ನ ಮನೆಯಿಂದ ಒಂದು ಕೊಡ ತರಿಸಿದ. ಬೆಳಿಗ್ಗೆ ಇದೇ ಬಾವಿಯಿಂದ ಸೇದಿದ ನೀರು, ಅದ್ದಿ ನೋಡಿ ಎಂದ. ಅದ್ದಿದರು. ಅರಿಸಿನದ ಬಟ್ಟೆ ಹಳದಿಯಾಗಿಯೇ ಉಳಿಯಿತು. ಜನ ಅವಳ ಕಡೆ ತಿರುಗಿದರು. ಅವಳು ಆ ಕೊಡದಿಂದ ಒಂದು ಬೊಗಸೆ ಕುಡಿದು ಹೇಳಿದಳು: "ಸಾಹುಕಾರರೇ, ಇದಕ್ಕೆ ಉಪ್ಪು ಹಾಕಿ ಒಗ್ಗರಣೆ ಕೊಟ್ಟಿದ್ದರೆ ಸಾರೇ ಆಗುತ್ತಿತ್ತಲ್ಲ!"

ಜನ ನಕ್ಕರು. ವರ್ತಕ ಹುಣಸೆಹಣ್ಣು ಕಿವುಚಿ ಸೋಸಿ ಬೆರೆಸಿದ್ದ. ಹುಳಿ ಕ್ಷಾರವನ್ನು ಅಡಗಿಸುತ್ತದೆ ಎಂಬುದು ಅವನಿಗೂ ತಿಳಿದಿತ್ತು. ಅವಳು ಎಲ್ಲರ ಎದುರು ಬಾವಿಯಿಂದ ಹೊಸ ನೀರು ಸೇದಿ ಬಟ್ಟೆ ಅದ್ದಿದಳು. ಕೆಂಪಾಯಿತು.

ಈಗ ಯಾರೂ ನಗಲಿಲ್ಲ. ಅವರಲ್ಲಿ ಅರ್ಧ ಮಂದಿ ಆ ಗುಂಡಿಯಲ್ಲೇ ಕೂಲಿ ಮಾಡುತ್ತಿದ್ದರು. ಇನ್ನು ಇವಳಿಗೆ ಯಾರೂ ಬಟ್ಟೆ ಕೊಡಕೂಡದು ಎಂದ ವರ್ತಕ.

"ಕೊಡದಿದ್ದರೆ ಬೇಡ. ಉಟ್ಟುಕೊಳ್ಳುವ ಸೀರೆ ನನ್ನ ಹತ್ತಿರ ಎರಡಿವೆ" ಎಂದಳು ಅವಳು.

ಮರುದಿನ ಅವಳು ಆ ಎರಡರಲ್ಲಿ ಒಂದನ್ನು ಪಟ್ಟಿ ಪಟ್ಟಿಯಾಗಿ ಹರಿದು ಅರಿಸಿನದಲ್ಲಿ ಅದ್ದಿದಳು. ದಿನವೂ ಒಂದು ಪಟ್ಟಿಯನ್ನು ಬಾವಿಯ ನೀರಿನಲ್ಲಿ ಮುಳುಗಿಸಿ ರಾಟೆಯ ಕಂಬಕ್ಕೆ ಕಟ್ಟಿದಳು. ವರ್ತಕನ ಆಳುಗಳು ಕಿತ್ತೆಸೆದರು. ಅವಳು ಇನ್ನೊಂದು ಕಟ್ಟಿದಳು. ನೀರಿಗೆ ಬಂದ ಹೆಂಗಸರು ಆ ಕೆಂಪನ್ನು ನೋಡಿ ದೂರದ ಹಳ್ಳಕ್ಕೆ ನಡೆದರು. ಹನ್ನೊಂದನೆಯ ದಿನ ವರ್ತಕನ ಸೊಸೆಯೇ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹಳ್ಳದ ದಾರಿ ಹಿಡಿದಳು. ಅದನ್ನು ಊರೆಲ್ಲ ನೋಡಿತು. ಆ ವಾರವೇ ವರ್ತಕ ಗುಂಡಿ ಮುಚ್ಚಿಸಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆಮೇಲೆ ಆಕೆಗೆ ಊರಿನವರು ಬಟ್ಟೆ ಕೊಟ್ಟರೇ?"

"ಎರಡು ವರ್ಷ ಕೊಡಲಿಲ್ಲ."

"ನನ್ನ ಭಯವೂ ಅದೇ, ಗುರುಗಳೇ."

ಗುರು ಅವನನ್ನೇ ನೋಡುತ್ತ ಹೇಳಿದರು: "ಇರಲಿ, ನಿನ್ನ ಬಾಯಿ ಕಟ್ಟಿರುವವನ ಹೆಸರು ಹೇಳು."