ಸಾಹುಕಾರರ ಎಲೆಗೆ ಅನ್ನ

ಸಾಹುಕಾರ ಕರಿಬಸಪ್ಪನವರಿಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ ಎಂದರು ಡಾಕ್ಟರು. ಸಾಹುಕಾರರು ಮನೆಗೆ ಬಂದವರೇ ಅಡುಗೆಯ ಶಂಕ್ರಮ್ಮನ ಮೇಲೆ ಗುಡುಗಿದರು.

"ನನ್ನ ಎಲೆಗೆ ಅನ್ನ ಕಡಿಮೆ ಬಡಿಸಿದರೆ ನಿನ್ನ ಕೆಲಸ ಹೋಯಿತು. ಸಕ್ಕರೆ ಇಳಿಯದಿದ್ದರೂ ಹೋಯಿತು!"

"ಆಗಲಿ ಧಣಿ," ಎಂದಳು ಶಂಕ್ರಮ್ಮ.

ಅಂದಿನಿಂದ ಎಲೆ ಹಾಕಿದ ಕೂಡಲೇ ಕೋಸಂಬರಿ ಬರತೊಡಗಿತು. ಅದರ ಹಿಂದೆಯೇ ಬೀನ್ಸ್ ಪಲ್ಯ, ಮೆಂತ್ಯಸೊಪ್ಪಿನ ಪಲ್ಯ, ಸೌತೆಕಾಯಿ ಮೊಸರುಬಜ್ಜಿ. "ಇನ್ನೊಂಚೂರು ಹಾಕಿಸ್ಕೊಳ್ಳಿ ಧಣಿ, ನನ್ನಾಣೆ!" ಎಂದು ಬೀಗರಿಗೆ ಮಾಡುವಂಥ ಉಪಚಾರ ಬೇರೆ. ಕೊನೆಗೆ ದೊಡ್ಡ ಪಾತ್ರೆ ತುಂಬ ಬಿಸಿ ಅನ್ನ ಹೊತ್ತು ತಂದು ಸೌಟು ಎತ್ತುವಳು. ಅಷ್ಟರಲ್ಲಿ ಹೊಟ್ಟೆ ತುಂಬಿದ ಸಾಹುಕಾರರು ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಸಾಕು ಬಿಡೇ ತಾಯಿ, ಒಂದೇ ತುತ್ತು!" ಎನ್ನುವರು.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರು ಬೆರಗಾದರು. ಅವರಿಗಿಂತ ಹೆಚ್ಚು ಬೆರಗಾದ ಸಾಹುಕಾರರು ನೇರ ಅಡುಗೆಮನೆಗೇ ಬಂದರು.

"ನಿಜ ಹೇಳು. ಅನ್ನ ಕಡಿಮೆ ಬಡಿಸಿದೆಯಾ?"

"ಇಲ್ಲ ಧಣಿ. ದಿನಾ ಪಾತ್ರೆ ತುಂಬ ತಂದೆ. ತಡೆದದ್ದು ನಿಮ್ಮ ಕೈ."

ಸಾಹುಕಾರರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಅವೇ ಕೈಗಳನ್ನು ಜೋಡಿಸಿ ಶಂಕ್ರಮ್ಮನಿಗೆ ಮುಗಿದರು.