ಸಿಹಿನೀರಿನ ಸಿಟ್ಟು

ವಿಜ್ಞಾನಿ ಇಂದುಮತಿಯವರು ಪ್ರಯೋಗಾಲಯದ ಇಲಿಯೊಂದರ ಪಂಜರಕ್ಕೆ ಎರಡು ಬಾಟಲಿ ಕಟ್ಟಿದ್ದರು. ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಬರೀ ನೀರು. ಏಕೆಂದರೆ ಒತ್ತಡದಿಂದ ಖಿನ್ನತೆಗೆ ಬಿದ್ದ ಇಲಿಗೆ ಸಿಹಿ ಬೇಕೆನಿಸುವುದಿಲ್ಲ. ಖಿನ್ನತೆಗೆ ಔಷಧ ಪಡೆಯುತ್ತಿದ್ದ ಈ ಇಲಿಗೆ ಸಿಹಿ ಬೇಕೆನಿಸಿದರೆ ಅದು ಚೇತರಿಸಿಕೊಳ್ಳುತ್ತಿದೆ ಎಂದರ್ಥ.

ಸಿಹಿನೀರಿನ ಬಾಟಲಿಗೆ ಸಿಟ್ಟು ಬಂತು. “ನನ್ನನ್ನೇ ಬೇಡವೆನ್ನುತ್ತೀಯಲ್ಲೋ, ಎಷ್ಟು ಕೊಬ್ಬು ನಿನಗೆ!”

“ಕೊಬ್ಬಲ್ಲ ಅಕ್ಕಾ. ಈಗ ನನಗೆ ನೀನೂ ಒಂದೇ, ಪಕ್ಕದ ಬಾಟಲಿಯೂ ಒಂದೇ. ಆದರೂ ದಿನಕ್ಕೊಂದು ಗುಟುಕು ನಿನ್ನಲ್ಲಿ ಕುಡಿದೇ ಕುಡಿಯುತ್ತೇನೆ,” ಎಂದಿತು ಇಲಿ.

ಎರಡು ವಾರ ಏನೂ ಬದಲಾಗಲಿಲ್ಲ. ಇಂದುಮತಿಯವರು ಔಷಧ ನಿಲ್ಲಿಸಲಿಲ್ಲ, ಇಲಿ ಗುಟುಕು ಬಿಡಲಿಲ್ಲ.

ಮೂರನೆಯ ವಾರ ಗುಟುಕರಿಸಿದ ಇಲಿ ಥಟ್ಟನೆ ತಲೆಯೆತ್ತಿತು. “ಅಕ್ಕಾ, ಇವತ್ತು ಸಕ್ಕರೆ ಜಾಸ್ತಿ ಹಾಕಿದ್ದಾರಾ?”

ಬೈದದ್ದಕ್ಕೆ ಬಾಟಲಿಗೆ ನಾಚಿಕೆಯಾಯಿತು. “ಇಲ್ಲಪ್ಪ, ಅಷ್ಟೇ ಇದೆ. ಕುಡಿ.”